ಹತ್ತರಲ್ಲಿ ಏಳು



ಸಾಹಿತ್ಯ, ಸಂಗೀತ, ಇತಿಹಾಸ ಎಂದು ದೊಡ್ಡ ದೊಡ್ಡ ವಿಷಯಗಳ ಮೇಲೆ ಮಾತು ನಡೆದ ದತ್ತಿ ಉಪನ್ಯಾಸದ ವೇದಿಕೆ ಇದು. ಇಲ್ಲಿ ನಿವೃತ್ತ ದನದ ಡಾಕ್ಟರೊಬ್ಬನನ್ನು ನಿಲ್ಲಿಸಿ, ಪ್ರಾಣಿದಯಾ ಸಂಸ್ಥೆಗಳ ಬಗ್ಗೆ ಹೇಳಿ ಎಂದಿದ್ದೀರಿ. ನಾನು ಅದನ್ನು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಸಿ ಬೀದಿನಾಯಿಯ ಹತ್ತಿರ ತಂದು ನಿಲ್ಲಿಸುತ್ತೇನೆ. ಸಂಕೋಚವೇನೂ ಇಲ್ಲ. ಕನ್ನಡ ನಾಡಿನಲ್ಲಿ ನಾಯಿಗೂ ದತ್ತಿಗೂ ಇರುವ ನಂಟು ಸಾವಿರ ವರ್ಷಕ್ಕಿಂತ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ನಿಮ್ಮಲ್ಲಿ ಕೆಲವರಾದರೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿರುತ್ತೀರಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಕ್ರಿ.ಶ. 949-50ರ ಸುಮಾರಿನ ಮಾತು ಇದು.

ಕಾಳಿ ಸಾಕಿದ ನಾಯಿ, ಹೆಸರಿದ್ದ ನಾಯಿ. ಹೆಸರಿರುವ ಒಂದು ಪ್ರಾಣಿಯ ಮೇಲೆ ಪ್ರೀತಿ ಬರುವುದು ಕಷ್ಟವಲ್ಲ. ಹೆಸರಿಲ್ಲದ ಸಾವಿರ ನಾಯಿಗಳನ್ನು ಏನು ಮಾಡಬೇಕು ಎಂಬಲ್ಲಿ ನಮ್ಮ ಊರುಗಳೆಲ್ಲ ಎಡವುತ್ತವೆ. ಪ್ರಾಣಿದಯಾ ಸಂಸ್ಥೆ ಅಂದರೆ ಬಿಸ್ಕತ್ತು ಹಾಕುವವರು, ಕಾಲು ಮುರಿದ ನಾಯಿಗೆ ಪಟ್ಟಿ ಕಟ್ಟುವವರು, ಫೇಸ್‌ಬುಕ್ಕಿನಲ್ಲಿ ಅಳುವವರು ಎಂದು ಜನ ಎಣಿಸಿದ್ದಾರೆ. ಪಟ್ಟಿ ಕಟ್ಟುವ ಕೆಲಸ ಇರುವುದು ನಿಜ. ಆದರೆ ನಾನು ಹತ್ತಿರದಿಂದ ಕಂಡ ಒಳ್ಳೆಯ ಸಂಸ್ಥೆಗಳ ದಿನದ ಬಹುಪಾಲು ಕಳೆಯುವುದು ಲೆಕ್ಕದಲ್ಲಿ. ಯಾವ ಬೀದಿ, ಎಷ್ಟು ನಾಯಿ, ಅದರಲ್ಲಿ ಹೆಣ್ಣೆಷ್ಟು, ಲಸಿಕೆ ಎಷ್ಟಕ್ಕೆ ಬಿತ್ತು, ಉಳಿದದ್ದು ಎಷ್ಟು. ಒಂದು ಬೀದಿಯ ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಬಿದ್ದಿದ್ದರೆ ಆ ಬೀದಿಯ ಮಕ್ಕಳು ಹುಚ್ಚುನಾಯಿ ರೋಗದಿಂದ ಪಾರು. ಮೂರಕ್ಕೆ ಮಾತ್ರ ಬಿದ್ದಿದ್ದರೆ, ಆ ಮೂರು ನಾಯಿಗಳ ಮೇಲೆ ನೀವು ಎಷ್ಟೇ ಪ್ರೀತಿ ಸುರಿದಿರಲಿ, ಬೀದಿ ಇದ್ದ ಹಾಗೇ ಇರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿವರ.

ಈ ಲೆಕ್ಕವನ್ನು ನಮ್ಮ ದೇಶದಲ್ಲಿ ಮೊದಲು ಮಂಡಿಸಿದ ಮನೆತನಕ್ಕೂ ನಮ್ಮ ಜಕ್ಕೂರಿಗೂ ಒಂದು ಸಂಬಂಧವಿದೆ. ಕ್ಯಾಪ್ಟನ್ ವಿ. ಸುಂದರಂ ವಿಮಾನ ಚಾಲಕರು. ಮೈಸೂರು ಮಹಾರಾಜರ ಡಕೋಟಾ ಹಾರಿಸಿದವರು. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಶುರುವಾದಾಗ ಅಲ್ಲಿ ಕಲಿಸಿದವರು. ಅವರ ಹೆಂಡತಿ ಉಷಾ ಸುಂದರಂ 1949ರಲ್ಲಿ ಅದೇ ಶಾಲೆಯಲ್ಲಿ ತರಬೇತಿ ಮುಗಿಸಿ ಹೊರಬಂದರು. 1951ರಲ್ಲಿ ಗಂಡ ಹೆಂಡಿರಿಬ್ಬರೂ ಲಂಡನ್ನಿನಿಂದ ಮುಂಬಯಿಗೆ ಡವ್ ವಿಮಾನವನ್ನು 27 ಗಂಟೆಗಳಲ್ಲಿ ಹಾರಿಸಿಕೊಂಡು ತಂದರು. ಆ ಕಾಲಕ್ಕೆ ಅದು ದಾಖಲೆ. ಹೀಗೆ ಆಕಾಶದಲ್ಲಿ ಓಡಾಡಿದ ದಂಪತಿ ಮದ್ರಾಸಿನ ತಮ್ಮ ಮನೆಯಲ್ಲಿ ಬೀದಿಪ್ರಾಣಿಗಳಿಗೆ ಜಾಗ ಕೊಡುತ್ತ ಕೊಡುತ್ತ 1959ರಲ್ಲಿ ಹುಟ್ಟಿದ್ದು ಬ್ಲೂ ಕ್ರಾಸ್ ಆಫ್ ಇಂಡಿಯಾ.

ಅವರ ಮಗ ಚಿನ್ನಿ ಕೃಷ್ಣ ಎಂಜಿನಿಯರು. ಎಂಜಿನಿಯರಾದ್ದರಿಂದಲೋ ಏನೋ, ಅವರಿಗೆ ಕಾಡಿದ್ದು ಮದ್ರಾಸು ನಗರಪಾಲಿಕೆ ನಾಯಿ ಕೊಲ್ಲುತ್ತಿದ್ದ ಕ್ರೌರ್ಯವೊಂದೇ ಅಲ್ಲ, ಅದರ ನಿಷ್ಪ್ರಯೋಜಕತನ. ಬ್ಲೂ ಕ್ರಾಸ್ ಮುಂದಿಟ್ಟ ಲೆಕ್ಕದಂತೆ, 1860ರಲ್ಲಿ ದಿನಕ್ಕೆ ಒಂದು ನಾಯಿ ಕೊಲ್ಲುತ್ತಿದ್ದ ಪಾಲಿಕೆ 1995ರ ಹೊತ್ತಿಗೆ ದಿನಕ್ಕೆ 135 ನಾಯಿ ಕೊಲ್ಲುವಂತಾಗಿತ್ತು. ನೂರಾ ಮೂವತ್ತೈದು ವರ್ಷ ಒಂದೇ ಔಷಧಿ ಕೊಟ್ಟು, ರೋಗ ಏರುತ್ತಲೇ ಹೋದರೆ ಯಾವ ವೈದ್ಯನಾದರೂ ಔಷಧಿ ಬದಲಿಸುತ್ತಾನೆ. ಕೊಲ್ಲುವ ಬದಲು ಹಿಡಿದು ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ ಎಂದು ಬ್ಲೂ ಕ್ರಾಸ್ 1964ರಲ್ಲೇ ಹೇಳಿತು. ಪಾಲಿಕೆ ಒಪ್ಪಿದ್ದು 1996ರಲ್ಲಿ. ನಡುವಿನ ಮೂವತ್ತೆರಡು ವರ್ಷ ಬ್ಲೂ ಕ್ರಾಸಿನವರು ತಮ್ಮ ಕೈಲಾದಷ್ಟು ಆಪರೇಷನ್ ಮಾಡುತ್ತಲೇ ಇದ್ದರು. ಸರ್ಕಾರಿ ನೌಕರಿಯಲ್ಲಿ ಇದ್ದು ಬಂದ ನನಗೆ ಈ ಮೂವತ್ತೆರಡು ವರ್ಷ ಹೆಚ್ಚೇನೂ ಅನ್ನಿಸಲಿಲ್ಲ ಎಂಬುದನ್ನು ಮಾತ್ರ ಹೇಳಿ ಮುಂದಕ್ಕೆ ಹೋಗುತ್ತೇನೆ.

ಕಾನೂನಿನ ದಾರಿಯೂ ಅದೇ ಮದ್ರಾಸಿನಿಂದ ಹೊರಟದ್ದು. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡು, ಮರುವರ್ಷ ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1960ರಲ್ಲಿ ಕಾಯ್ದೆ ಬಂತು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ. ಅದರ ಮೊದಲ ಅಧ್ಯಕ್ಷೆ ಅವರೇ. ಬೀದಿನಾಯಿಗಳ ಸಂತಾನ ನಿಯಂತ್ರಣದ ನಿಯಮಗಳು 2001ರಲ್ಲಿ ಈ ಕಾಯ್ದೆಯ ಅಡಿಯಲ್ಲೇ ಹುಟ್ಟಿದವು. 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ.

ಕೊಲ್ಲುವುದಕ್ಕೆ ವಿರೋಧ ಬ್ಲೂ ಕ್ರಾಸಿನೊಂದಿಗೆ ಶುರುವಾಯಿತು ಎಂದುಕೊಳ್ಳಬೇಡಿ. 1832ರ ಜೂನ್‌ನಲ್ಲಿ ಮುಂಬಯಿಯ ಪಾರ್ಸಿಗಳು ಬೀದಿಗಿಳಿದದ್ದು ನಾಯಿಗಳಿಗಾಗಿ. ಕಂಪನಿ ಸರ್ಕಾರ ತಲೆಗಿಷ್ಟು ಎಂದು ಇನಾಮು ಇಟ್ಟಿತ್ತು; ಇನಾಮಿನ ಆಸೆಗೆ ಹಿಡಿಯುವವರು ಮನೆಯಂಗಳಕ್ಕೇ ನುಗ್ಗಿ ಸಾಕಿದ ನಾಯಿಗಳನ್ನೂ ಎಳೆದೊಯ್ಯತೊಡಗಿದ್ದರು. ಅಂಗಡಿಗಳು ಮುಚ್ಚಿದವು, ಕೋಟೆಗೆ ರೊಟ್ಟಿ ನೀರು ಸಾಗದಂತಾಯಿತು. ತಲೆಗಿಷ್ಟು ಎಂದು ಹಣ ಕೊಡುವ ಪದ್ಧತಿಯಲ್ಲಿ ಏನೇನು ಕೆಡುತ್ತದೆ ಎಂಬುದಕ್ಕೆ ಇದು ಮೊದಲ ಪಾಠ. ನಾವು ಅದನ್ನು ಇನ್ನೂ ಪೂರ್ತಿ ಕಲಿತಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಕೊಂದರೆ ಯಾಕೆ ಕಡಿಮೆಯಾಗುವುದಿಲ್ಲ? ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಲ್ಲದು, ಅರವತ್ತಮೂರು ದಿನಕ್ಕೆ ಮರಿ ಹಾಕುತ್ತದೆ. ಒಂದು ಬೀದಿಯಲ್ಲಿ ಎಷ್ಟು ನಾಯಿ ಬದುಕಬೇಕು ಎಂಬುದನ್ನು ನಿರ್ಧರಿಸುವುದು ಆ ಬೀದಿಯ ತಿಪ್ಪೆ, ಕೋಳಿ ಅಂಗಡಿ, ಕಲ್ಯಾಣ ಮಂಟಪದ ಎಂಜಲೆಲೆ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿಮರಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ಮರಿಗಳಲ್ಲಿ ನಾಲ್ಕು ಏಳು ತಿಂಗಳು ಕಾಣುವುದರೊಳಗೆ ಇಲ್ಲವಾಗಿದ್ದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನುಷ್ಯರಿಂದಲೇ. ಅಂದರೆ ಬೀದಿಯಲ್ಲಿ ಹುಟ್ಟುವುದು ಉಳಿಯುವುದಕ್ಕಿಂತ ಯಾವಾಗಲೂ ಜಾಸ್ತಿ. ದೊಡ್ಡ ನಾಯಿಗಳನ್ನು ತೆಗೆದುಬಿಟ್ಟರೆ, ಸಾಯಬೇಕಾಗಿದ್ದ ಮರಿಗಳಿಗೆ ಅನ್ನ ಸಿಕ್ಕಿ ಅವು ಉಳಿಯುತ್ತವೆ, ಪಕ್ಕದ ಬೀದಿಯವು ಒಳಗೆ ಬರುತ್ತವೆ. ಒರತೆ ಇರುವ ಬಾವಿಯನ್ನು ಬಿಂದಿಗೆ ಬಿಂದಿಗೆ ಮೊಗೆದು ಬರಿದು ಮಾಡಲು ಹೊರಟ ಹಾಗೆ. ಹೊಸದಾಗಿ ಬಂದ ಆ ನಾಯಿಗಳಿಗೆ ಲಸಿಕೆಯೂ ಆಗಿರುವುದಿಲ್ಲ, ಆ ಬೀದಿಯ ಜನರ ಗುರುತೂ ಇರುವುದಿಲ್ಲ.

ಹಾಗಾಗಿ ಹಿಡಿದ ಜಾಗದಲ್ಲೇ ಬಿಡಬೇಕು ಎಂಬ ನಿಯಮ. ಜನಕ್ಕೆ ಬಹಳ ಸಿಟ್ಟು ಬರಿಸುವ ನಿಯಮವೂ ಇದೇ. "ಹಿಡ್ಕೊಂಡು ಹೋದವರು ಮತ್ತೆ ತಂದು ಇಲ್ಲೇ ಯಾಕ್ರೀ ಬಿಟ್ರಿ?" ಎಂದು ಬೈಸಿಕೊಳ್ಳದ ಸಂಸ್ಥೆ ನಮ್ಮ ರಾಜ್ಯದಲ್ಲಿ ಇರಲಾರದು.

ಆ ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಊಟದ ಹೊತ್ತಾದ್ದರಿಂದ ತೀರಾ ಹತ್ತಿರ ಹೋಗುವುದಿಲ್ಲ. ಬೆಳಗಿನ ಜಾವ ಐದರ ಸುಮಾರಿಗೆ ವ್ಯಾನು ಹೊರಡುತ್ತದೆ. ಆ ಹೊತ್ತಿನಲ್ಲಿ ನಾಯಿಗಳು ತಂತಮ್ಮ ಜಾಗದಲ್ಲೇ ಮಲಗಿರುತ್ತವೆ, ವಾಹನಗಳ ಓಡಾಟವೂ ಇರುವುದಿಲ್ಲ. ಹಿಡಿದ ನಾಯಿಯ ಕೊರಳಿಗೆ ನಂಬರಿನ ಪಟ್ಟಿ ಬೀಳುತ್ತದೆ. ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ "ಗಣಪತಿ ಗುಡಿ ಹಿಂದೆ, ಹಾಲಿನ ಬೂತ್ ಪಕ್ಕ" ಎಂದು ಬರೆಯಬೇಕು. ಈ ಒಂದು ಸಾಲು ತಪ್ಪಿದರೆ ನಾಯಿ ಅನ್ಯ ಬೀದಿಗೆ ಬೀಳುತ್ತದೆ, ಅಲ್ಲಿನವು ಅದನ್ನು ಹರಿದುಹಾಕುತ್ತವೆ. ರಾತ್ರಿಯೆಲ್ಲ ಉಪವಾಸ. ಮರುದಿನ ಅರಿವಳಿಕೆ ಚುಚ್ಚಿದ ಮೇಲೆ ಡಾಕ್ಟರು ಕಾಲ್ಬೆರಳ ನಡುವಿನ ಚರ್ಮವನ್ನು ಗಟ್ಟಿಯಾಗಿ ಚಿವುಟುತ್ತಾರೆ. ಕಾಲು ಎಳೆದುಕೊಂಡರೆ ಇನ್ನೂ ಮತ್ತು ಏರಿಲ್ಲ. ಹೆಣ್ಣುನಾಯಿಗಾದರೆ ಬಲಪಕ್ಕೆಯ ಕೂದಲು ಬೋಳಿಸಿ ಎರಡು ಬೆರಳು ಹಿಡಿಸುವಷ್ಟೇ ಕೊಯ್ಯುವುದು ಹಲವು ಕಡೆ ರೂಢಿ. ಹೊಟ್ಟೆಯ ನಡುವೆ ಕೊಯ್ದರೆ ನಾಯಿ ಎದ್ದು ನಿಂತಾಗ ಕರುಳಿನ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಪಕ್ಕೆಯಲ್ಲಾದರೆ ಆ ಭಯವಿಲ್ಲ, ಗಾಯ ಕೀವಾಗಿದೆಯೇ ಎಂದು ದೂರದಿಂದಲೇ ಕಾಣುತ್ತದೆ. ಆ ಕಿಂಡಿಯಿಂದ ಬೆರಳಿಗೆ ಅಂಡಾಶಯ ಸಿಗಬೇಕು. ಅದನ್ನು ಹಿಡಿದಿಟ್ಟ ದಾರದಂಥ ಕಟ್ಟು ಒಂದಿದೆ. ಅದನ್ನು ಹದವಾಗಿ ಹಿಗ್ಗಿಸಿ ಬಿಡಿಸಬೇಕು. ಅವಸರ ಮಾಡಿದರೆ ಪಕ್ಕದ ರಕ್ತನಾಳ ಕಿತ್ತು, ಹೊರಗೆ ಏನೂ ಕಾಣದಂತೆ ಒಳಗೇ ರಕ್ತ ಸುರಿಯುತ್ತದೆ. ಹೊಲಿಗೆ ಮುಗಿದ ಮೇಲೆ, ಮತ್ತಿನಲ್ಲಿರುವಾಗಲೇ, ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಆಪರೇಷನ್ ಆಗಿದೆ ಎಂಬುದಕ್ಕೆ ಅದೇ ರಸೀತಿ. ಜೊತೆಗೆ ರೇಬೀಸ್ ಲಸಿಕೆ. ಆಮೇಲೆ ಕೆಲವು ದಿನ ಗೂಡಿನಲ್ಲಿ ಆರೈಕೆ.

ಇದನ್ನು ದಿನಕ್ಕೆ ಎರಡು ಮೂರು ಮಾಡುವ ವೈದ್ಯ ಚೆನ್ನಾಗಿಯೇ ಮಾಡುತ್ತಾನೆ. ಇಪ್ಪತ್ತು ಇಪ್ಪತ್ತೈದು ಮಾಡಿಯೂ ಇಪ್ಪತ್ತೈದನೆಯದರ ಗಂಟನ್ನು ಮೊದಲನೆಯದರಷ್ಟೇ ಬಿಗಿಯಾಗಿ ಹಾಕುವವನು ಬೇರೆಯೇ ಜಾತಿಯ ಮನುಷ್ಯ. ಅವನನ್ನು ತಯಾರು ಮಾಡುವ ಕೆಲಸವನ್ನು ನಮ್ಮ ಕಾಲೇಜುಗಳಿಗಿಂತ ಹೆಚ್ಚಾಗಿ ಈ ಸಂಸ್ಥೆಗಳು ಮಾಡಿವೆ. ಅದನ್ನು ನಾವು, ಇಲಾಖೆಯವರು, ಬಾಯಿಬಿಟ್ಟು ಹೇಳಬೇಕು.

ಈ ವಿಧಾನ ಕೆಲಸ ಮಾಡುತ್ತದೆ ಎಂದು ಅಂಕಿಗಳಲ್ಲಿ ತೋರಿಸಿದ್ದು ಜೈಪುರ. ಅಲ್ಲಿನ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆಯನ್ನು ಕಟ್ಟಿದವರು ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಹೆಂಗಸು. 1906ರಲ್ಲಿ ಹುಟ್ಟಿದವರು, ಮೊದಲು ದೆಹಲಿ, ಆಮೇಲೆ ಜೈಪುರ, ಕೊನೆಗೆ ನಮ್ಮ ಬೆಂಗಳೂರು. 1991ರಲ್ಲಿ, ಎಂಬತ್ತೈದರ ಮುಪ್ಪಿನಲ್ಲಿ, ಇಲ್ಲಿ ಕ್ಯೂಪಾ ಸಂಸ್ಥೆ ಹುಟ್ಟುಹಾಕಿ 1996ರಲ್ಲಿ ತೀರಿಕೊಂಡರು. ಅವರು ಬಿಟ್ಟುಬಂದ ಜೈಪುರದಲ್ಲಿ 1994ರ ನವೆಂಬರಿನಿಂದ 2002ರ ಕೊನೆಯವರೆಗೆ ಸುಮಾರು ಇಪ್ಪತ್ತೈದು ಸಾವಿರ ನಾಯಿಗಳಿಗೆ ಆಪರೇಷನ್ ಮತ್ತು ಲಸಿಕೆ ನಡೆಯಿತು. ಹೆಣ್ಣುನಾಯಿಗಳಲ್ಲಿ ನೂರಕ್ಕೆ 65 ಆದವು. ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ರೇಬೀಸಿನಿಂದ ಸತ್ತವರ ಸಂಖ್ಯೆ ಸೊನ್ನೆಗೆ ಬಂತು. ಇದರಲ್ಲಿ ನನಗೆ ಹಿಡಿಸಿದ್ದು ಇಳಿದ ಅಂಕಿಗಿಂತ ತೆಗೆದುಕೊಂಡ ಕಾಲ. ಎಂಟು ವರ್ಷ, ಬಿಡದೆ. ಇನ್ನೊಂದು ಉಪಯೋಗದ ಸಂಗತಿಯನ್ನೂ ಅವರು ಕಂಡುಕೊಂಡರು: ಬೀದಿನಾಯಿಗಳು ಗಬ್ಬವಾಗುವುದು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಹೆಚ್ಚು. ಕಾರ್ತಿಕ ಮಾಸವೆಂದರೆ ನಾಯಿಗಳ ಮಾಸ ಎಂದು ನಮ್ಮ ಹಳ್ಳಿಯವರು ಹೇಳುವುದು ಸುಳ್ಳಲ್ಲ. ಹಾಗಿದ್ದ ಮೇಲೆ ಪಾಲಿಕೆಯ ಟೆಂಡರು ಬೇಸಿಗೆಯಲ್ಲೇ ಕೆಲಸ ಶುರುವಾಗುವಂತೆ ಇರಬೇಕು. ನಮ್ಮಲ್ಲಿ ಟೆಂಡರಿನ ಫೈಲು ಸಾಮಾನ್ಯವಾಗಿ ಸಹಿಯಾಗುವುದು ಕಾರ್ತಿಕ ಕಳೆದು, ಮಾರ್ಚಿನ ಬಜೆಟ್ ಮುಗಿಯುವ ಹೊತ್ತಿಗೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಾಯಿಗಳ ಸಂಖ್ಯೆ ಇಳಿಸುವುದು, ರೇಬೀಸ್ ನಿಲ್ಲಿಸುವುದು, ಇವೆರಡೂ ಒಂದೇ ಅಲ್ಲ. ಸಂತಾನಹರಣ ನಿಧಾನದ ಕೆಲಸ, ದುಬಾರಿ, ನುರಿತ ಕೈ ಬೇಕು. ಲಸಿಕೆ ನಿಮಿಷದ ಕೆಲಸ. ರೇಬೀಸ್ ಬಂದ ಒಂದು ನಾಯಿ ಸಾಯುವ ಮೊದಲು ಸರಾಸರಿ ಒಂದಕ್ಕಿಂತ ತುಸು ಹೆಚ್ಚು ನಾಯಿಗೆ ಅದನ್ನು ದಾಟಿಸುತ್ತದೆ, ಅಷ್ಟೇ. ಹಾಗಾಗಿ ಹತ್ತರಲ್ಲಿ ಏಳಕ್ಕೆ ರಕ್ಷಣೆ ಇದ್ದರೆ ಸರಪಳಿ ತುಂಡಾಗುತ್ತದೆ. ಏಳು ಎಂದು ಹೇಳುವುದು ವರ್ಷದುದ್ದಕ್ಕೂ ಮರಿಗಳು ಹುಟ್ಟಿ, ಲಸಿಕೆಯಾದವು ಸತ್ತು, ಪ್ರಮಾಣ ಕುಸಿಯುವುದನ್ನೂ ಲೆಕ್ಕಕ್ಕೆ ಹಿಡಿದು. ಪ್ರತಿ ವರ್ಷವೂ ಮಾಡಬೇಕು.

ಕಾರವಾರದಿಂದ ಗೆರೆ ದಾಟಿದರೆ ಗೋವಾ. ಅಲ್ಲಿ ಮಿಷನ್ ರೇಬೀಸ್ ಎಂಬ ಸಂಸ್ಥೆ ಸರ್ಕಾರದೊಂದಿಗೆ ಸೇರಿ ಇದನ್ನೇ ಮಾಡಿತು. ಬ್ರಿಟನ್ನಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ 2013ರಲ್ಲಿ ಶುರುಮಾಡಿದ ಸಂಸ್ಥೆ ಅದು. ಅವರ ತಂಡ ಕೆಲಸ ಮಾಡುವ ರೀತಿ ನೋಡಬೇಕು. ಗಾಡಿಯಿಂದ ನಾಲ್ಕೈದು ಹುಡುಗರು ಉದ್ದ ಹಿಡಿಕೆಯ ಬಲೆ ಹಿಡಿದು ಇಳಿಯುತ್ತಾರೆ. ಓಡುವ ನಾಯಿಯ ಮುಂದಕ್ಕೆ ಒಬ್ಬ ಬಲೆ ಬೀಸಿ ಹೊರಳಿಸುತ್ತಾನೆ, ಇನ್ನೊಬ್ಬ ಬಲೆಯ ಕಣ್ಣಿನಿಂದಲೇ ಸೂಜಿ ಚುಚ್ಚುತ್ತಾನೆ, ಮತ್ತೊಬ್ಬ ತಲೆಯ ಮೇಲೆ ಬಣ್ಣ ಬಳಿಯುತ್ತಾನೆ, ನಾಲ್ಕನೆಯವನು ಮೊಬೈಲಿನಲ್ಲಿ ಆ ಜಾಗವನ್ನು ಗುರುತು ಮಾಡುತ್ತಾನೆ. ಬಲೆ ಎತ್ತಿದೊಡನೆ ನಾಯಿ ಬೊಗಳಿಕೊಂಡು ಓಡುತ್ತದೆ. ಮರುದಿನ ಬೇರೆಯವರು ಅದೇ ಬೀದಿಯಲ್ಲಿ ಸುತ್ತಿ, ಬಣ್ಣವಿದ್ದವೆಷ್ಟು ಇಲ್ಲದವೆಷ್ಟು ಎಂದು ಎಣಿಸುತ್ತಾರೆ. ಹತ್ತಕ್ಕೆ ಏಳು ಬಂದಿಲ್ಲವೆಂದರೆ ತಂಡ ವಾಪಸು ಬರಬೇಕು. ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಲಸಿಕೆ, ಜೊತೆಗೆ ಶಾಲೆಗಳಲ್ಲಿ ಪಾಠ, ಹುಚ್ಚುನಾಯಿ ಕಂಡರೆ ಕರೆ ಮಾಡಲು ಒಂದು ನಂಬರು. ನಾಯಿಗಳಲ್ಲಿ ರೇಬೀಸ್ ನೂರಕ್ಕೆ 92ರಷ್ಟು ಕುಸಿಯಿತು. 2018ರ ಹೊತ್ತಿಗೆ ಮನುಷ್ಯರ ಸಾವು ನಿಂತಿತು. 2021ರಲ್ಲಿ ಗೋವಾ ತನ್ನನ್ನು ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿಕೊಂಡಿತು. ಆದರೆ ನಾಯಿಗೆ ರಾಜ್ಯದ ಗಡಿ ತಿಳಿಯದು. ಗೆರೆಯ ಈಚೆಯ ನಾವು ಮಲಗಿದ್ದರೆ ಗೋವಾ ಎಚ್ಚರವಾಗಿಯೇ ಇರಬೇಕು.

ಈಗ ದುಡ್ಡಿನ ಮಾತು. ದತ್ತಿ ಇಟ್ಟವರ ಮುಂದೆ ದುಡ್ಡಿನ ಮಾತಾಡದೆ ಹೋಗುವುದು ಸರಿಯಲ್ಲ. ಸೊಂಟ ಮುರಿದ ನಾಯಿಯ ಚಿತ್ರ ಹಾಕಿದರೆ ಸಂಸ್ಥೆಗೆ ಸಂಜೆಯೊಳಗೆ ಹಣ ಬರುತ್ತದೆ. ಲಸಿಕೆ ಇಡುವ ಫ್ರಿಜ್ಜಿಗೆ, ಕರೆಂಟು ಹೋದಾಗ ಅದು ಕೆಡದಿರಲು ಜನರೇಟರಿಗೆ, ನಾಯಿ ಹಿಡಿಯುವವರ ಸಂಬಳಕ್ಕೆ, ಅವರಿಗೇ ಮುಂಚಿತವಾಗಿ ಹಾಕಿಸಬೇಕಾದ ರೇಬೀಸ್ ಚುಚ್ಚುಮದ್ದಿಗೆ ಯಾರೂ ಕೊಡುವುದಿಲ್ಲ. ಯಾವುದಕ್ಕೆ ಹಣ ಬರುತ್ತದೋ ಸಂಸ್ಥೆ ನಿಧಾನವಾಗಿ ಆ ಕಡೆಗೇ ವಾಲುತ್ತದೆ. ನಾಲ್ಕೈದು ವರ್ಷದಲ್ಲಿ ನೋಡಿದರೆ, ಬೀದಿಗೆ ಬಿಡಲಾಗದ ಕುಂಟ, ಕುರುಡ, ಮುದಿ ನಾಯಿಗಳು ಅಂಗಳ ತುಂಬಿರುತ್ತವೆ, ವ್ಯಾನು ಶೆಡ್ಡಿನಲ್ಲಿರುತ್ತದೆ. ಅವುಗಳನ್ನು ನೋಡಿಕೊಳ್ಳುವುದು ತಪ್ಪು ಎನ್ನುತ್ತಿಲ್ಲ. ಆದರೆ ಇಕ್ಕಟ್ಟಿನ ಗೂಡುಗಳಲ್ಲಿ ಪಾರ್ವೊ, ಡಿಸ್ಟೆಂಪರ್‌ನಂಥ ರೋಗ ಹೊಕ್ಕರೆ ವಾರದಲ್ಲಿ ಎಲ್ಲ ಮುಗಿಯುತ್ತದೆ. ಬೆನ್ನುಹುರಿ ತುಂಡಾಗಿ, ಹುಣ್ಣಿನಲ್ಲಿ ಹುಳ ಬಿದ್ದು ನರಳುವ ಪ್ರಾಣಿಗೆ ನೋವಿಲ್ಲದ ಸಾವು ಕೊಡಲು ಹಿಂಜರಿಯುವ ದಯೆಯನ್ನು ನಾನು ದಯೆ ಎಂದು ಒಪ್ಪಲಾರೆ. ಇದನ್ನು ಹೇಳಿ ಬೇಕಾದಷ್ಟು ಸ್ನೇಹ ಕಳೆದುಕೊಂಡಿದ್ದೇನೆ.

ಪಾಲಿಕೆಗಳ ಹಣದಲ್ಲಿರುವ ದೋಷ ಬೇರೆ. ಅವರು ಕೊಡುವುದು ನಾಯಿಯೊಂದಕ್ಕೆ ಇಷ್ಟು ಎಂದು. ಆಗ ಗುತ್ತಿಗೆ ಹಿಡಿದವರು ಸುಲಭಕ್ಕೆ ಸಿಗುವ ನಾಯಿಗಳನ್ನು ಎಲ್ಲೆಲ್ಲಿಂದಲೋ ಹೆಕ್ಕಿ ಲೆಕ್ಕ ತುಂಬಿಸುತ್ತಾರೆ; ಕೈಗೆ ಸಿಗದ ಚಾಲಾಕಿ ಹೆಣ್ಣುನಾಯಿಗಳು ಪ್ರತಿ ಬೀದಿಯಲ್ಲೂ ಉಳಿದು, ಮುಂದಿನ ಕಾರ್ತಿಕಕ್ಕೆ ಬೀದಿ ಮತ್ತೆ ತುಂಬುತ್ತದೆ. 1832ರ ಮುಂಬಯಿಯಲ್ಲಿ ಇನಾಮು ಮಾಡಿದ್ದೂ ಇದನ್ನೇ. ಹಣ ಕೊಡಬೇಕಾದ್ದು ಬೀದಿಗೆ, ವಾರ್ಡಿಗೆ. ಹತ್ತರಲ್ಲಿ ಏಳಕ್ಕೆ ಕಿವಿ ಗುರುತು ಇದೆಯೇ ಎಂದು ಬೇರೊಬ್ಬರು ಎಣಿಸಿ ನೋಡಿದ ಮೇಲೆ. ಎಣಿಸುವುದು ಆಗದ ಕೆಲಸವೇನಲ್ಲ. ಬೆಂಗಳೂರಿನಲ್ಲಿ ಅದು ಆಗಿದೆ: 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ರ ಗಣತಿಯಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ನಾಯಿಗಳಿಗೆ ಆಪರೇಷನ್ ಆಗಿತ್ತು. ಬೆಂಗಳೂರಿನ ಬಗ್ಗೆ ಒಳ್ಳೆಯ ಮಾತು ಹೇಳುವ ಅವಕಾಶ ಅಪರೂಪ, ಅದಕ್ಕೇ ಹೇಳಿಬಿಟ್ಟೆ.

ಈ ಅಂಕಿ ಕಚ್ಚಿಸಿಕೊಂಡವರಿಗೆ ಸಮಾಧಾನ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಪ್ರಾಣಿಪ್ರಿಯರ ಸಭೆಗಳಲ್ಲಿ ನನಗೆ ಕಸಿವಿಸಿಯಾಗುವುದು ಇಲ್ಲೇ. ನಾಯಿ ತಾನಾಗಿ ಕಚ್ಚುವುದಿಲ್ಲ, ಮಕ್ಕಳೇ ಕೆಣಕಿರುತ್ತಾರೆ ಎಂದು ಕಾರಿನಲ್ಲಿ ಓಡಾಡುವವರು ಹೇಳಿಬಿಡುತ್ತಾರೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಕಸ ಗುಡಿಸುವ ಹೆಂಗಸು, ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಒಂಟಿಯಾಗಿ ಆಡುವ ಕೂಸು, ಕಚ್ಚಿಸಿಕೊಳ್ಳುವವರು ಇವರು. ಪ್ರಪಂಚದಲ್ಲಿ ವರ್ಷಕ್ಕೆ 59,000 ಜನ ರೇಬೀಸಿನಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಅದರಲ್ಲಿ ದೊಡ್ಡ ಪಾಲು ನಮ್ಮ ದೇಶದ್ದು, ಸಾಯುವವರಲ್ಲಿ ಮಕ್ಕಳು ಬಹಳ. ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿಯಿಲ್ಲ. ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದರೆ ವೈರಸ್ಸಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಸುಣ್ಣ, ಖಾರದಪುಡಿ, ಅರಿಶಿನ, ಸೊಪ್ಪಿನ ರಸ ಯಾವುದೂ ಬೇಡ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಭಯವೂ ಬೇಡ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಭೇಟಿಯಲ್ಲಿ ಮುಗಿಯುತ್ತದೆ. ರಕ್ತ ಬಂದ ಗಾಯವಾದರೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಲೇಬೇಕು. ಇಲ್ಲ ಎಂದು ಕೈಯಾಡಿಸುವ ಆಸ್ಪತ್ರೆಯಲ್ಲಿ ಕೂತು ಜಗಳವಾಡಿ. ನಾಯಿಗೆ ಲಸಿಕೆ ಹಾಕುವ ಸಂಸ್ಥೆಯೇ ಆ ಆಸ್ಪತ್ರೆಯಲ್ಲಿ ಔಷಧಿ ಇದೆಯೇ ಎಂದು ತಿಂಗಳಿಗೊಮ್ಮೆ ವಿಚಾರಿಸಿದರೆ, ಕಚ್ಚಿಸಿಕೊಂಡವರಿಗೂ ನಾಯಿಯವರಿಗೂ ನಡುವೆ ಈಗ ಇರುವ ವೈರ ಅರ್ಧ ಇಳಿದೀತು.

ವೈರ ಎಲ್ಲಿಗೆ ಹೋಗಿದೆ ಎಂಬುದನ್ನು 2025ರಲ್ಲಿ ಕಂಡಿದ್ದೀರಿ. ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಿ, ಬಿಡಬೇಡಿ ಎಂದಿತು. ಹನ್ನೊಂದು ದಿನದ ಮೇಲೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಆಪರೇಷನ್ ಮತ್ತು ಲಸಿಕೆ ಮಾಡಿ ಅಲ್ಲೇ ಬಿಡಿ, ರೇಬೀಸ್ ಇರುವ ಮತ್ತು ಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ತೆಗೆದು ಬೇರೆಡೆ ಇಡಿ ಎಂಬ ಆದೇಶ ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ನಾಯಿ ಇರಬಾರದು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲವನ್ನೂ ಕೂಡಿಹಾಕಿ ಎನ್ನುವವರು ಒಂದು ಗುಣಾಕಾರ ಮಾಡಿ ನೋಡಲಿ. ಸಾವಿರ ನಾಯಿಯ ಆಶ್ರಯತಾಣವೆಂದರೆ ಪಕ್ಕದ ಊರಿಗೆ ನಿದ್ದೆಯಿಲ್ಲ. ಬೆಂಗಳೂರಿಗೆ ಅಂಥವು 279 ಬೇಕು. ನಿಮ್ಮ ಬಡಾವಣೆಯ ಪಕ್ಕ ಒಂದಕ್ಕೆ ಜಾಗ ಕೊಡುತ್ತೀರಾ ಎಂದು ಕೇಳಿದರೆ ಈ ಸಭಾಂಗಣದಲ್ಲೂ ಕೈ ಎತ್ತುವವರು ಸಿಗಲಾರರು.

ಇಷ್ಟು ಹೊತ್ತು ಪೇಟೆಯ ಮಾತಾಯಿತು. ನನ್ನ ಚಾಕರಿಯೆಲ್ಲ ಹಳ್ಳಿಯದು, ಅಲ್ಲಿ ಈ ಸಂಸ್ಥೆಗಳು ಇಲ್ಲವೇ ಇಲ್ಲ. ಹಸು ಜೊಲ್ಲು ಸುರಿಸುತ್ತಿದೆ, ಮೇವು ಮುಟ್ಟುತ್ತಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕು ಸಾರ್ ಎಂದು ರೈತ ಬರುತ್ತಾನೆ. ಅಷ್ಟರಲ್ಲಿ ಮನೆಯವರೆಲ್ಲ ಅದರ ಬಾಯಿಗೆ ಕೈ ಹಾಕಿ ನೋಡಿರುತ್ತಾರೆ. ಹಸುವಿನ ಕೂಗು ಒಡಕಾಗಿದ್ದರೆ, ಹಿಂಗಾಲು ತೂರಾಡುತ್ತಿದ್ದರೆ, ಪಶುವೈದ್ಯ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ತಿಂಗಳೆರಡು ತಿಂಗಳ ಹಿಂದೆ ನಾಯಿ ಕಚ್ಚಿತ್ತೇ ಎಂದು ಕೇಳಬೇಕು. ಕಚ್ಚಿತ್ತು ಎಂದರೆ ಒಂದು ಹಸು ಹೋಯಿತು, ಇಡೀ ಮನೆಗೆ ಇಂಜೆಕ್ಷನ್ ಬಂತು. ಆ ಹಸು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ.

ಆದರೆ ಹಳ್ಳಿಯಲ್ಲಿ ಪೇಟೆಗಿಲ್ಲದ ಒಂದು ಅನುಕೂಲವಿದೆ. ಕಾಲುಬಾಯಿ ಜ್ವರದ ಲಸಿಕೆಗೆಂದು ಕೇಂದ್ರದ ಹಣದಲ್ಲಿ 2019ರಿಂದ ಕಾರ್ಯಕ್ರಮ ನಡೆಯುತ್ತಿದೆ. ಲಸಿಕೆ ಹಾಕುವವರು ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ದನವಿರುವ ಪ್ರತಿ ಮನೆಯ ಕೊಟ್ಟಿಗೆಗೆ ಹೋಗುತ್ತಾರೆ; ಹಾಲಿನ ಡೇರಿಯ ಕಾರ್ಯದರ್ಶಿಗೆ ಯಾರ ಮನೆಯಲ್ಲಿ ಎಷ್ಟು ರಾಸು ಎಂಬುದು ಬಾಯಿಪಾಠ. ಆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ನಾಯಿ ಮಲಗಿರುತ್ತದೆ. ಹಳ್ಳಿಯ ನಾಯಿಗಳಲ್ಲಿ ಬಹುಪಾಲು ಹೀಗೆ ಯಾರದೋ ಮನೆಯ ಅನ್ನ ತಿನ್ನುವವೇ. ಬಲೆ ಬೇಡ, ಮನೆಯಾಕೆ ಒಂದು ತುತ್ತು ಮುದ್ದೆ ಹಾಕಿ ಕುತ್ತಿಗೆ ಹಿಡಿದರೆ ಸಾಕು. ಕಾಲುಬಾಯಿ ಲಸಿಕೆಗೂ ರೇಬೀಸ್ ಲಸಿಕೆಗೂ ಬೇಕಾದ ತಂಪು ಒಂದೇ, 2ರಿಂದ 8 ಡಿಗ್ರಿ. ಪೆಟ್ಟಿಗೆ ಒಂದೇ, ಬೈಕು ಒಂದೇ, ನಡಿಗೆ ಒಂದೇ. ಹೆಚ್ಚಿಗೆ ಬೇಕಾದದ್ದು ಬಾಟಲಿ, ಸಿರಿಂಜು, ಲಸಿಕೆ ಹಾಕುವವರಿಗೆ ಮುಂಚಿತವಾಗಿ ಚುಚ್ಚುಮದ್ದು, ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ. ಈ ದತ್ತಿಯ ಬಡ್ಡಿಯಿಂದ ಒಂದು ತಾಲ್ಲೂಕಿನ ನಾಲ್ಕಾರು ಡೇರಿಗಳಲ್ಲಿ ಎರಡು ವರ್ಷ ಇದನ್ನು ಮಾಡಿ ನೋಡಬಹುದು. ಮುಂದಿನ ಸುತ್ತಿನ ಲಸಿಕೆಗೆ ಇನ್ನೂ ಸಮಯವಿದೆ. ಇಲಾಖೆಯ ಸಹಾಯಕ ನಿರ್ದೇಶಕರು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಊಟಕ್ಕೆ ಏಳುವ ಮೊದಲು ಅವರನ್ನು ಹಿಡಿದುಕೊಳ್ಳಿ.